ಕನ್ನಡಕ ಒರೆಸಿದರೆ ಮೈಕ್ ಬಂದ್

"ಇದುವರೆಗೆ ಎಷ್ಟು ಜನರ ಬಾಯಿ ಮುಚ್ಚಿಸಿದ್ದೀರಿ?"

ವೇದಿಕೆಯಿಂದ ಇಳಿದವಳೇ ಅವಳು ನೇರವಾಗಿ ಹೋಗಿ ನಿಂತದ್ದು ಮೈಕಿನವನ ಮುಂದೆ. ಸಿಟ್ಟಿಗೆ ಕಣ್ಣಲ್ಲಿ ನೀರು ತುಂಬಿತ್ತು.

ವೈರು ಸುತ್ತುತ್ತಿದ್ದ ಅವನ ಕೈ ನಿಂತಿತು. ಏನೋ ಹೇಳಲು ಬಾಯಿ ತೆರೆದ... ಅಷ್ಟರಲ್ಲಿ ಅವಳ ಬೆನ್ನ ಹಿಂದೆ ಬಂದು ನಿಂತ ಅವಳ ಅಣ್ಣ ಕಂಡ.

"ವೈರ್ ಲೂಸಾಗಿತ್ತು ಮೇಡಂ," ಅಂದು ತಲೆ ತಗ್ಗಿಸಿದ.

"ಹೇಡಿ," ಅಂದಳು. ಅದು ಅಣ್ಣನಿಗೂ ಕೇಳಿಸಲಿ ಎಂದೇ ಅಂದಳು.

ಅವಳಿಗೆ ಅಷ್ಟು ಸಿಟ್ಟು ಬಂದದ್ದಕ್ಕೆ ಕಾರಣವಿತ್ತು. ಅದೇ ಮಧ್ಯಾಹ್ನ, ಖಾಲಿ ಮೈದಾನದಲ್ಲಿ, ಮೈಕ್ ಪರೀಕ್ಷೆ ಮಾಡುವಾಗ ಇದೇ ಮನುಷ್ಯ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, "ಏನಾದ್ರೂ ಮಾತಾಡಿ ಮೇಡಂ. ಈಗ ಕೇಳಿಸಿಕೊಳ್ಳೋದು ನಾನೊಬ್ಬನೇ," ಎಂದಿದ್ದ. ಅವಳ ಬಾಯಿಂದ ಯಾರಿಗೂ ಹೇಳದ ಮಾತು ಬಂದುಬಿಟ್ಟಿತ್ತು. "ಶಾಲೇಲಿ ಕ್ಲಾಸ್ ಲೀಡರ್ ಆಗಿದ್ದಾಗಿನಿಂದ ನನಗಿರೋದು ಎಲೆಕ್ಷನ್‌ಗೆ ನಿಲ್ಲಬೇಕು ಅನ್ನೋದೊಂದೇ ಆಸೆ."

ಅವನು ನಗಲಿಲ್ಲ. "ಚೆನ್ನಾಗಿ ಕೇಳಿಸ್ತು," ಎಂದಿದ್ದ. ಅಷ್ಟಕ್ಕೇ ಅವಳ ಎದೆ ಹಗುರಾಗಿತ್ತು!

ಸಂಜೆ ಅದೇ ಕೈ ಅವಳ ದನಿ ಕಟ್ ಮಾಡಿತ್ತು.

ಆ ಊರಿನ ಸಭೆಗಳಲ್ಲಿ ಒಂದು ಪದ್ಧತಿಯಿತ್ತು. ಅವಳ ಅಣ್ಣ ನಗರಸಭೆಯ ಸದಸ್ಯ. ವೇದಿಕೆಯ ಮೇಲೆ ಯಾರಾದರೂ ಅವನಿಗೆ ಹಿಡಿಸದ ಮಾತಾಡಿದರೆ ಕನ್ನಡಕ ತೆಗೆದು ಒರೆಸುತ್ತಿದ್ದ. ಕನ್ನಡಕ ಒರೆಸಿದರೆ ಮೈಕ್ ಬಂದ್. ಎಲ್ಲರಿಗೂ ಗೊತ್ತಿದ್ದ ಗುಟ್ಟು ಅದು. ಆದರೆ ಸ್ವಂತ ತಂಗಿಗೂ ಒರೆಸುತ್ತಾನೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಅವಳನ್ನು ಮನೆಯಲ್ಲಿ ಚಿನಕುರುಳಿ ಅಂತಲೇ ಕರೆಯುತ್ತಿದ್ದರು. ಅಷ್ಟು ಮಾತು. ಅಪ್ಪ ಹೋದ ಮೇಲೆ ಸಾಕಿದವನು ಅಣ್ಣ. ಅವನ ಭಾಷಣಗಳನ್ನೆಲ್ಲ ಬರೆದವಳು ಇವಳು. ಈ ಸಲದ ಚುನಾವಣೆಗೆ ವಾರ್ಡು ಹೆಂಗಸರಿಗೆ ಮೀಸಲಾಯಿತು. ಅತ್ತಿಗೆ ಸರ್ಕಾರಿ ಶಾಲೆಯ ಟೀಚರು, ನಿಲ್ಲುವ ಹಾಗಿಲ್ಲ. ಅಣ್ಣ ತಂಗಿಯನ್ನು ನಿಲ್ಲಿಸಿದ. ಅವಳು ಆಕಾಶಕ್ಕೆ ಏಣಿ ಹಾಕಿದಳು.

ಆ ಸಂಜೆ, ತನ್ನ ಮೊದಲ ಸಭೆಯಲ್ಲೇ ಅಣ್ಣ ಹೇಳಿಕೊಟ್ಟದ್ದನ್ನು ಬಿಟ್ಟು, ತನಗೆ ಅನ್ನಿಸಿದ್ದನ್ನು ಮಾತಾಡಿದಳು. ಮಾರುಕಟ್ಟೆ ಬೀದಿಯಲ್ಲಿ ಹೆಂಗಸರಿಗೆಂದು ಕಟ್ಟಿದ ಶೌಚಾಲಯಕ್ಕೆ ಇನ್ನೂ ಬೀಗ. ಉದ್ಘಾಟನೆಗೆ ದೊಡ್ಡ ನಾಯಕರ ಪುರುಸೊತ್ತು ಕಾಯುತ್ತಾ ಕೂತಿದೆ. ದಿನವಿಡೀ ಅಂಗಡಿಯಲ್ಲಿ ಕೂರುವ ಹೆಂಗಸರು ನೀರು ಕುಡಿಯುವುದಕ್ಕೇ ಹೆದರುತ್ತಾರೆ. ಅದರ ಕೀಲಿ ನೇತಾಡುತ್ತಿರುವುದು ನಮ್ಮ ಮನೆಯ ಗೋಡೆಗೆ...

ಅಣ್ಣ ಕನ್ನಡಕ ತೆಗೆದ. ಎದುರಿನ ಸ್ಪೀಕರುಗಳು ಸತ್ತವು. ವೇದಿಕೆಯ ಹಿಂದಿನ ಜನರೇಟರಿನ ಗುಡುಗುಡು ಬಿಟ್ಟು ಅವಳ ಕಿವಿಗೆ ಏನೂ ಬೀಳಲಿಲ್ಲ. ಆದರೂ ಹಟಕ್ಕೆ ಬಿದ್ದವಳಂತೆ ಕೊನೆಯ ಮಾತಿನವರೆಗೂ ಆ ಸತ್ತ ಮೈಕಿಗೇ ಹೇಳಿ ಇಳಿದಳು.

ಮನೆಗೆ ಬಂದ ಮೇಲೆ ಅಣ್ಣ ಕೂಗಾಡಲಿಲ್ಲ. ಕೂಗಾಡಿದ್ದರೆ ತಿರುಗಿ ಕೂಗಬಹುದಿತ್ತು. ಅವಳ ತಲೆ ನೇವರಿಸಿ ಹೇಳಿದ:

"ನಿನ್ನ ಹೆಗಲ ಮೇಲೆ ಹೊತ್ತು ಬೆಳೆಸಿದೀನಿ ಕಣೇ. ಹೆಸರು ನಿಂದು, ಕೆಲಸ ನಂದು. ನೀನು ಕೈ ಮುಗಿದು ನಗ್ತಾ ನಿಂತ್ಕೋ, ಸಾಕು."

ಅವಳು ಬೇಡವೆಂದರೆ ಈ ಜನ್ಮದಲ್ಲಿ ಇನ್ನೊಂದು ಅವಕಾಶವಿಲ್ಲ. ಒಪ್ಪಿದರೆ ಅವಕಾಶವೇ ಬೋನು. ನಾಮಪತ್ರ ಹಿಂತೆಗೆಯುವ ದಿನವೂ ದಾಟಿತು. ಇನ್ನು ಅಣ್ಣನೂ ಅವಳನ್ನು ಬದಲಿಸುವಂತಿಲ್ಲ, ಅವಳೂ ಓಡುವಂತಿಲ್ಲ.

ಬೋನಿಗೆ ಚಕ್ರಗಳೂ ಇದ್ದವು. ತೆರೆದ ಪ್ರಚಾರದ ಗಾಡಿ, ಮುಂದೆ ಕಬ್ಬಿಣದ ಸರಳು, ಅದರ ಹಿಂದೆ ಕೈ ಮುಗಿದು ನಿಂತ ಅವಳು. ತಲೆಯ ಮೇಲಿನ ಹಾರ್ನಿನಲ್ಲಿ ಅಣ್ಣನ ರೆಕಾರ್ಡು ಮಾಡಿದ ದನಿ, "ನಾನು ನಿಮ್ಮ ಮನೆಮಗಳು" ಎಂದು ಗಂಡುಗಂಟಲಲ್ಲಿ ಒದರುತ್ತಿತ್ತು. ನಗುವವರು ನಕ್ಕರು. ಅವಳಿಗೆ ನೆಲ ಬಾಯಿ ತೆರೆದು ನುಂಗಬಾರದೇ ಅನ್ನಿಸಿತು.

ಅದೇ ಗಾಡಿಯ ಮೂಲೆಯಲ್ಲಿ, ಆಂಪ್ಲಿಫೈಯರ್ ಮುಂದೆ, ಮೈಕಿನವನು.

ಅವನ ಕಡೆ ಅವಳು ಕತ್ತು ತಿರುಗಿಸಲಿಲ್ಲ. ಗಾಡಿ ಕುಲುಕಿದಾಗ ಸರಳು ಹಿಡಿದರೆ ಬಿಸಿಲಿಗೆ ಕಾದ ಕಬ್ಬಿಣ ಅಂಗೈ ಸುಡುತ್ತಿತ್ತು. ಮರುದಿನ ನೋಡಿದರೆ ಸರಳಿಗೆ ಹಳೆಯ ಟವೆಲ್ ಸುತ್ತಿತ್ತು. ಯಾರ ಕೆಲಸವೆಂದು ಗೊತ್ತಾಗಿ ಬಿಚ್ಚಿ ಬಿಸಾಕಿದಳು. ಅದರ ಮರುದಿನ ಮತ್ತೆ ಸುತ್ತಿತ್ತು. ಹಾರ್ನಿನ ಬಾಯಿ ಅವಳ ಕಿವಿಯಿಂದ ಆಚೆಗೆ ತಿರುಗಿತ್ತು.

'ಮಾಡೋ ದ್ರೋಹ ಮಾಡಿ ಈಗ ಉಪಚಾರ ಬೇರೆ...' ಎಂದು ಹಲ್ಲು ಕಚ್ಚಿದಳು. ಆದರೆ ಸರಳು ಹಿಡಿದಾಗಲೆಲ್ಲ ಆ ಟವೆಲ್ ಮೆತ್ತಗೆ ಅಂಗೈಗೆ ತಾಗುತ್ತಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಮಾತಾಡಲು ಅವನೂ ನೋಡಿದ. ಆದರೆ ಗಾಡಿ ಓಡಿಸುತ್ತಿದ್ದವನು ಅತ್ತಿಗೆಯ ತಮ್ಮ, ಎರಡೂ ಕಿವಿ ಹಿಂದಕ್ಕೇ ಇಟ್ಟುಕೊಂಡಿದ್ದ. ಮೈಕಿನವನು "ಮೇಡಂ, ಆ ದಿನ..." ಎಂದರೆ ಇವಳೇ ಮುಖ ತಿರುಗಿಸುತ್ತಿದ್ದಳು.

ಕೊನೆಯ ಸಭೆಯ ಹಿಂದಿನ ದಿನ ಗಾಡಿ ದರ್ಜಿಗಳ ಓಣಿಗೆ ಬಂತು. ಹೊಲಿಗೆ ಮೆಷಿನ್ ಮುಂದಿನಿಂದ ಎದ್ದು ಬಂದ ದರ್ಜಿ ಹೆಂಗಸು ಗಾಡಿಗೆ ಅಡ್ಡ ನಿಂತಳು.

"ಏನಮ್ಮಾ, ನಿನ್ನ ಗಂಟಲು ಏನಾಯ್ತು? ಆವತ್ತು ಕೀಲಿ ವಿಷಯ ಅಷ್ಟು ಚೆನ್ನಾಗಿ ಮಾತಾಡ್ದೆ. ನಾವು ಇಡೀ ಓಣಿ ಮೆಷಿನ್ ನಿಲ್ಲಿಸಿ ಕೇಳಿದ್ವಿ."

"ನೀವು ಮೈದಾನಕ್ಕೆ ಬಂದಿದ್ರಾ?"

"ನಮಗೆಲ್ಲಿ ಪುರುಸೊತ್ತು? ಅಗೋ, ಕಂಬದ ಮೇಲಿನ ಹಾರ್ನಲ್ಲಿ. 'ಗೆದ್ದರೆ ಕುರ್ಚೀಲಿ ನಾನೇ ಕೂರ್ತೀನಿ' ಅಂತ ಮುಗಿಸಿದೆಯಲ್ಲ, ಅಲ್ಲೀವರೆಗೂ ಕೇಳಿದ್ವಿ."

ಅದು ಅವಳ ಕಡೆಯ ವಾಕ್ಯ. ಸತ್ತ ಮೈಕಿಗೆ ಹೇಳಿದ್ದು.

ತಿರುಗಿ ನೋಡಿದಳು. ಮೈಕಿನವನು ಸಭೆಗೂ ಬಳಸುತ್ತಿದ್ದ ಅದೇ ಆಂಪ್ಲಿಫೈಯರಿನ ಎರಡು ಸ್ವಿಚ್ಚುಗಳನ್ನು ಬೆರಳಿನಿಂದ ತೋರಿಸಿದ. ಒಂದು ಮೈದಾನದ ಸ್ಪೀಕರಿಗೆ. ಇನ್ನೊಂದು ಓಣಿಗಳ ಹಾರ್ನಿಗೆ. ಆಮೇಲೆ, ಡ್ರೈವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ:

"ಮೈದಾನದ್ದೊಂದೇ ಬಂದ್ ಮಾಡಿದ್ದು ಮೇಡಂ. ನಿಮ್ಮಣ್ಣನಿಗೆ ತಿಳಿದಿದ್ರೆ ಹಾರ್ನ್ ಬಿಚ್ಚಿಸಿಬಿಡ್ತಿದ್ರು."

ತಾನು ಹೇಡಿ ಅಂದದ್ದು ಇವನನ್ನಾ? ಟವೆಲು ಬಿಸಾಕಿದ್ದು ಇವನದ್ದಾ? ಸರಳಿನ ಮೇಲಿನ ಟವೆಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಓಣಿ ಮುಗಿಯುವವರೆಗೂ ಕೈ ಮುಗಿಯಲಿಲ್ಲ.

ಕೊನೆಯ ಸಭೆಗೆ ಹೊರಡುವ ಮುಂಚೆ ಗೋಡೆಯ ಮೊಳೆಯಿಂದ ಕೀಲಿ ತೆಗೆದು ಮುಷ್ಟಿಯಲ್ಲಿಟ್ಟುಕೊಂಡಳು. ಅತ್ತಿಗೆ ನೋಡಿದಳು. ನೋಡಿ, ಪಾಠದ ಪುಸ್ತಕ ಹುಡುಕುವವಳಂತೆ ಒಳಗೆ ಹೋದಳು.

ಅಣ್ಣ ಮಾತು ಮುಗಿಸಿ, ಈಗ ನಿಮ್ಮ ಅಭ್ಯರ್ಥಿ ಕೈ ಮುಗಿಯುತ್ತಾಳೆ ಎಂದ. ಅವಳು ಎದ್ದು ಬಂದು ಮೈಕ್ ಹಿಡಿದಳು.

"ಈ ಕೀಲಿ ಕಾಯೋದು ಸಾಕು. ದರ್ಜಿ ಅಕ್ಕಾ, ಬಂದು ತಗೊಳ್ಳಿ. ನಾಳೆ ಬೆಳಿಗ್ಗೆ ಬೀಗ ನೀವೇ ತೆಗೀರಿ."

ಅಣ್ಣ ಕನ್ನಡಕ ತೆಗೆದು ಒರೆಸಿದ. ಏನೂ ಆಗಲಿಲ್ಲ. ಗಾಜು ಸವೆಯುವಂತೆ ಒರೆಸಿದ. ಮೈಕಿನವನು ಎದ್ದು ನಿಂತು, ಎರಡೂ ಕೈ ಜೋಡಿಸಿ, ಅಣ್ಣನಿಗೆ ನಗುನಗುತ್ತಾ ನಮಸ್ಕಾರ ಮಾಡಿದ. ಜೋಡಿಸಿದ ಕೈ ಇಳಿಸಲೇ ಇಲ್ಲ.

"ಹೆಸರು ನಂದು," ಅಂದಳು ಅವಳು. "ಕೆಲಸವೂ ನಂದೇ. ಒಪ್ಪಿಗೆಯಿದ್ರೆ ವೋಟು ಹಾಕಿ. ಇಲ್ಲದಿದ್ರೆ ನನ್ನ ಸೋಲಿಸಿ, ಬೇಜಾರಿಲ್ಲ. ಬೊಂಬೆಯಾಗಿ ಗೆಲ್ಲೋದು ಮಾತ್ರ ನನಗೆ ಬೇಡ."

ದರ್ಜಿ ಹೆಂಗಸು ಓಣಿಯಿಂದ ಬಂದು ಕೀಲಿ ಇಸಿದುಕೊಂಡಳು. ಹೆಂಗಸರ ಕಡೆಯಿಂದ ಚಪ್ಪಾಳೆ ಎದ್ದಿತು. ಗಾಳಿ ಎತ್ತ ಬೀಸುತ್ತದೆಂದು ಮೂಸುವುದರಲ್ಲಿ ಅಣ್ಣ ಪಳಗಿದವನು. ಅವನೂ ತಟ್ಟಿದ. ತಟ್ಟುತ್ತಲೇ ಅವಳ ಹತ್ತಿರ ಬಂದು, "ಮನೆಗೆ ಬಾ, ಮಾತಾಡ್ತೀನಿ," ಎಂದು ಹಲ್ಲು ಕಡಿದ.

"ಇಲ್ಲೇ ಮಾತಾಡಣ್ಣಾ. ಮೈಕ್ ಆನ್ ಇದೆ."

ಅಣ್ಣ ಕಾರು ಹತ್ತಿ ಹೋದ. ಜನ ಚದುರಿದರು. ಇಳಿಯುತ್ತಿದ್ದ ಬಿಸಿಲಿನಲ್ಲಿ ಖಾಲಿ ಕುರ್ಚಿಗಳು, ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಅವನು, ವೇದಿಕೆಯಲ್ಲಿ ಅವಳು.

ಮೈದಾನದ ಸ್ಪೀಕರುಗಳನ್ನು ಅವನು ಆಗಲೇ ಬಿಚ್ಚಿ ಇಳಿಸಿದ್ದ.

ಅವಳು ಸ್ವಿಚ್ಚುಗಳ ಕಡೆ ಒಮ್ಮೆ ನೋಡಿ, ಮೈಕಿಗೆ ಬಾಯಿಟ್ಟಳು. "ಹಲೋ... ನಿಮ್ಮನ್ನ ಹೇಡಿ ಅಂದಿದ್ದೆ. ತಪ್ಪಾಯ್ತು. ಆ ಟವೆಲ್ ನನ್ನ ಹತ್ರಾನೇ ಇದೆ, ವಾಪಸ್ ಕೊಡಲ್ಲ. ಗೆದ್ದರೂ ಸೋತರೂ ನೀವು ನನ್ನ ಜೊತೆ ಇರಬೇಕು. ಜೀವನಪೂರ್ತಿ... ಇರ್ತೀರಾ?"

ಅವನ ಮುಖ ಕೆಂಪೇರಿತು. ಅಷ್ಟರಲ್ಲಿ ದೂರದ ದರ್ಜಿಗಳ ಓಣಿಯಿಂದ ಹೋ ಎಂದು ಕೂಗು, ಶಿಳ್ಳೆ, ನಗು. ಅವನು ಗಾಬರಿಯಾಗಿ ಹೆಡ್‌ಫೋನ್ ಕಿತ್ತ.

"ಅಯ್ಯೋ ಮೇಡಂ... ಹಾರ್ನ್ ಆರಿಸೋದು ಮರೆತಿದ್ದೆ. ಓಣಿಗೆಲ್ಲ ಕೇಳಿಸಿಬಿಡ್ತು."

"ಗೊತ್ತು," ಅಂದಳು ಅವಳು. "ಸ್ವಿಚ್ ನೋಡಿಕೊಂಡೇ ಮಾತಾಡಿದ್ದು. ಈಗ ಇಲ್ಲಿ ಬಂದು ನೀವೂ ಉತ್ತರ ಹೇಳಿ. ಅವರೆಲ್ಲ ಕಾಯ್ತಿದಾರೆ."

ಅವನು ವೇದಿಕೆ ಹತ್ತಿ ಬಂದ. ಊರಿಗೆಲ್ಲ ಮೈಕ್ ಹಾಕಿದ್ದವನು ಒಂದು ದಿನವೂ ಮೈಕಿನಲ್ಲಿ ಮಾತಾಡಿದವನಲ್ಲ. ಗಂಟಲು ಸರಿಮಾಡಿಕೊಂಡ.

"ಹಲೋ," ಅಂದ. "ಇರ್ತೀನಿ."