ಎರಡಡಿ ಒಳಕ್ಕೆ ಬಂದ ಕಲ್ಲು

"ಅಕ್ಕಾ, ನಮ್ ಸೈಟಿನ ಮೂಲೆ ಕಲ್ಲ ಕಿತ್ತು ಎರಡಡಿ ಒಳಕ್ಕೆ ನೆಟ್ಟವ್ರೆ! ಆ ಲಿಂಗಯ್ಯಂದೇ ಕೆಲ್ಸ. ನಾಳೆ ಪಾಯ ತೆಗೀಬೇಕು ನಾನು. ಇವತ್ತೇ ಸ್ಟೇಷನ್ನಿಗೆ ಓಯ್ತೀನಿ, ಬುಡಾಕಿಲ್ಲ!"

ಗೇಟಿನ ಹತ್ತಿರ ಯತೀಶ ಕೂಗಾಡುತ್ತಿದ್ದ. ಹೊಂಬಾಳಕ್ಕ ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ಪಕ್ಕದ ಮನೆಯ ತೆಂಗಿನ ಗರಿ ನಮ್ಮಂಗಳಕ್ಕೆ ಬಿದ್ದರೆ ಯಾರನ್ನು ಕೇಳಬೇಕು, ಫ್ಲಾಟಿನ ತಾರಸಿ ಮೇಲಿನ ಮನೆಯವರದ್ದೋ ಎಲ್ಲರದ್ದೋ ಎಂಬ ತಕರಾರು ಮಂಡ್ಯದಲ್ಲಿ ಎಲ್ಲೆದ್ದರೂ ಜನ ಇವರ ಬಾಗಿಲಿಗೇ ಬರುತ್ತಾರೆ. ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ನಾನು, ಶ್ವೇತ, ರಜೆಯ ದಿನ ಅವರ ಬೆನ್ನು ಬಿಡುವುದಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವುದಕ್ಕಿಂತ ಇದರಲ್ಲೇ ನನಗೆ ಹೆಚ್ಚು ಮಜಾ.

"ಸ್ಟೇಷನ್ನು ಎಲ್ಲೂ ಓಡೋಗಲ್ಲ. ಮೊದ್ಲು ಕಲ್ಲು ತೋರ್ಸಪ್ಪ," ಎಂದರು ಅಕ್ಕ.

ಕೆರಗೋಡು ರಸ್ತೆಯ ಬಡಾವಣೆಯಲ್ಲಿ ಯತೀಶನ ಖಾಲಿ ಸೈಟು. ಪಕ್ಕದಲ್ಲಿ ಲಿಂಗಯ್ಯನವರ ಮನೆ, ಆ ಬದಿಗೆ ಕಾಂಪೌಂಡಿಲ್ಲದ ಅವರ ಹಿತ್ತಲು. ಬೀದಿಯ ಜನವೆಲ್ಲ ನೋಡುತ್ತ ನಿಂತಿದ್ದರು. ಲಿಂಗಯ್ಯನವರು ಜಗಲಿಯಲ್ಲಿ ಕೋಲು ಹಿಡಿದು ಕೂತಿದ್ದರು.

"ಎದ್ದು ನಿಲ್ಲಾಕೇ ಮಂಡಿ ಬರಾಕಿಲ್ಲ, ನಾನ್ ಕಲ್ಲು ಕೀಳ್ತೀನಾ ತಾಯಿ? ಈ ವಯಸ್ನಾಗೆ ಕಳ್ಳ ಅನ್ನಿಸ್ಕೊಂಡು ಸ್ಟೇಷನ್ ಮೆಟ್ಲು ಅತ್ತಬೇಕಾ?" ಎಂದರು.

"ಆಳು ಬಿಟ್ಟು ಕೀಳ್ಸವ್ನೆ!" ಎಂದ ಯತೀಶ.

ಸಣ್ಣ ಕಲ್ಲೇ ಅದು. ಅದನ್ನು ಗೋಣಿಚೀಲದ ಮೇಲೆ ಎಳೆದ ಗುರುತು ಮಣ್ಣಿನಲ್ಲಿ ಅಚ್ಚುಕಟ್ಟಾಗಿ ಉಳಿದಿತ್ತು. ಅಕ್ಕ ಕಲ್ಲು ತೆಗೆಸಿದರು. ಬುಡದಲ್ಲಿ ಅರಿಶಿನದಲ್ಲಿ ಅದ್ದಿದ ಬಟ್ಟೆಯ ಗಂಟು ಸಿಕ್ಕಿತು.

"ನೋಡಿ, ಮಾಟ ಮಾಡ್ಸವ್ನೆ!" ಎಂದು ಯತೀಶ ಕೂಗಿದ.

ಗಂಟಿನಲ್ಲಿ ಒಂದು ನಾಣ್ಯವಿತ್ತು, ಅಷ್ಟೇ. ಬಟ್ಟೆಯ ಅಂಚಿನಲ್ಲಿ ಹಸಿರು ಗೆರೆ. ಅಕ್ಕ ಇನ್ನೂ ಆಳಕ್ಕೆ ಅಗೆಸಿದರು. ಗಟ್ಟಿ ಮಣ್ಣಿನಲ್ಲಿ ಇದ್ದಿಲು, ಇಟ್ಟಿಗೆ ಚೂರು ಕಚ್ಚಿಕೊಂಡಿದ್ದವು. ಆಮೇಲೆ ಕಲ್ಲು ಮೊದಲಿದ್ದ ಗುಂಡಿಯನ್ನೂ ಅಷ್ಟೇ ಆಳಕ್ಕೆ ತೋಡಿಸಿದರು. ಅಲ್ಲಿ ಬರೀ ಕೆಮ್ಮಣ್ಣು.

"ಯತೀಶ, ನಿಮ್ಮನೇಲಿ ಒಂದು ಲೋಟ ಕಾಫಿ ಸಿಕ್ಕುತ್ತಾ?"

ಹಿಂದಿನ ಬೀದಿಯ ಅವನ ಬಾಡಿಗೆ ಮನೆಯಲ್ಲಿ ತಾಯಿ ಮಂಗಳಮ್ಮ ಕಾಫಿ ತಂದರು. ಲೋಟ ಇಟ್ಟವರೇ ಅಕ್ಕನ ಮುಖ ನೋಡದೆ ಒಳಗೆ ಹೋದರು. ಅಕ್ಕ ಅಂಗಳದ ತಂತಿಯಲ್ಲಿ ಒಣಗುತ್ತಿದ್ದ ಹಸಿರಂಚಿನ ಸೀರೆಯನ್ನೇ ನೋಡುತ್ತಿದ್ದರು. ದಡ್ಡಿ ನಾನು, ಸೀರೆ ಅವರಿಗೆ ಹಿಡಿಸಿತೆಂದುಕೊಂಡೆ.

"ನೀವೂ ಬನ್ನಿ ಮಂಗಳಮ್ಮ," ಎಂದರು ಅಕ್ಕ. ಲಿಂಗಯ್ಯನವರ ಜಗಲಿಯಲ್ಲಿ ಎಲ್ಲರೂ ಕೂತೆವು. ಬೀದಿಯವರನ್ನು ಅಕ್ಕ ಗದರಿ ಮನೆಗೆ ಕಳಿಸಿದ್ದರು.

"ಕಲ್ಲು ನೆಡೋವಾಗ ಅಡಿಗೆ ಇದ್ದಿಲು, ಇಟ್ಟಿಗೆ ಚೂರು ಹಾಕೋದು ನಮ್ ಕಡೆ ರೂಢಿ. ಯಾರಾದ್ರೂ ಕಲ್ಲು ಜರುಗಿಸಿದ್ರೂ ಇದ್ದಿಲು ಅಲ್ಲೇ ಇರ್ತದೆ, ಕೊಳೆಯಲ್ಲ. ಇಲ್ಲಿ ಅದು ಇರೋದು ಇವತ್ತು ಕಲ್ಲಿರೋ ಜಾಗದಲ್ಲಿ. ಅಂದ್ರೆ ಇವತ್ತು ನಿನ್ ಜಾಗ ಯಾರೂ ಕದ್ದಿಲ್ಲ ಯತೀಶ. ಹಿಂದೆ ಯಾವತ್ತೋ ಲಿಂಗಯ್ಯನವರ ಕಡೆಗೆ ಜರುಗಿಸಿದ್ರು. ಈಗ ತಂದು ಅದರ ಜಾಗಕ್ಕೇ ಇಟ್ಟವ್ರೆ."

ಯತೀಶ ಎರಡೂ ಗುಂಡಿಗಳ ಕಡೆ ತಿರುಗಿ ನೋಡಿದ.

"ಆ ಗಂಟು ಮಾಟ ಅಲ್ಲ, ತಪ್ಪುಕಾಣಿಕೆ. ಜಾಗ ಹೊಡಿಯೋನು ತಪ್ಪಾಯ್ತು ಅಂತ ದೇವರಿಗೆ ಕಾಸು ಕಟ್ಟಿಡಲ್ಲ. ಆಳುಗಳಾದ್ರೆ ಕಲ್ಲು ಹೊತ್ತೊಯ್ತಿದ್ರು. ಇದನ್ನ ಗೋಣಿ ಮೇಲೆ ಎಳೆದವರು ಒಬ್ಬರೇ, ಹೊರೋ ಶಕ್ತಿ ಇಲ್ಲದವರು. ಮಂಡಿ ನೋವಿನ ಲಿಂಗಯ್ಯನವರ ಕೈಲಿ ಅದೂ ಆಗಲ್ಲ. ಇನ್ನು ಆ ಹಸಿರಂಚಿನ ಬಟ್ಟೇನ ಹರಿದುಕೊಂಡಿರೋ ಸೀರೆ ನಿಮ್ಮನೆ ತಂತಿ ಮೇಲೆ ನೇತಾಡ್ತಾ ಅದೆ. ಮುಂದಿಂದು ನಾನು ಹೇಳೋದಲ್ಲ."

"ನಾನೇ ಕಣಪ್ಪ," ಎಂದರು ಮಂಗಳಮ್ಮ.

"ಅವ್ವಾ! ಅಪ್ಪ ಮಾಡಿದ್ ತಪ್ಪಿಗೆ ನೀನ್ಯಾಕೆ..."

"ನಿಮ್ಮಪ್ಪನ್ನ ಎಳೀಬ್ಯಾಡ. ಒಲ್ಲೆ ಒಲ್ಲೆ ಅಂದ್ರು ಆವಯ್ಯ. ನಾನೇ ಊಟ ಬುಟ್ಟು ಅಟ ಮಾಡ್ದೆ, ಜರುಗ್ಸುದ್ರು. ನಾಳೆ ಗೋಡೆ ಎದ್ರೆ ಇನ್ಯಾವತ್ತು ವಾಪಸ್ ಕೊಡಾದು ಅಂತ ಎಳ್ಕಂಡ್ ಬಂದೆ. ಲಿಂಗಣ್ಣ, ದೂರು ನಿಮ್ ಮ್ಯಾಲೆ ಬತ್ತದೆ ಅಂತ ನಂಗೆ ಒಳೀನಿಲ್ಲ. ಬೆಳಿಗ್ಗೆಯಿಂದ ಬಾಯ್ ಬುಡಾಕೂ ಧೈರ್ಯ ಸಾಲ್ನಿಲ್ಲ. ನಿಮ್ ಜಾಗ ನಿಮಗೆ ಬಂತು, ನನ್ನ ಕ್ಷಮಿಸ್ಬುಡಿ."

ಲಿಂಗಯ್ಯನವರು ಕೋಲನ್ನು ಗೋಡೆಗೆ ಒರಗಿಸಿದರು.

"ನಿನ್ ಗಂಡ ಸ್ವಾಮೀನೂ ನಾನೂ ಒಂದೇ ತಟ್ಟೇಲಿ ಉಂಡೋರು ಕಣಮ್ಮ," ಎಂದರು. "ಒಟ್ಗೆ ಸೈಟ್ ತಗಂಡೋರು. ಇದ್ದಕ್ಕಿದ್ದಂಗೆ ಮಾತು ಬುಟ್ಟ. ಎದುರಿಗೆ ಸಿಕ್ಕುದ್ರೆ ತಲೆ ತಗ್ಗುಸ್ಕಂಡು ಓಗೋನು. ಹಂಗೇ ಸತ್ತೋದ. ನಾನೇನ್ ತಪ್ಪು ಮಾಡ್ದೆ ಅಂತ ಇವತ್ತಿನವರ್ಗೂ ಯೋಚ್ನೆ ಮಾಡ್ತಾನೇ ಇವ್ನಿ. ಎರಡಡಿ ಕೇಳುದ್ರೆ ಕೊಟ್ಟುಬುಡ್ತಿದ್ನಲ್ಲವ್ವ."

ಮಂಗಳಮ್ಮ ಜಗಲಿಯಿಂದಿಳಿದು ಬರೀ ನೆಲದ ಮೇಲೆ ಕೂತುಬಿಟ್ಟರು. ಎಬ್ಬಿಸಲು ಯಾರೂ ಮುಂದೆ ಹೋಗಲಿಲ್ಲ, ಹೊಂಬಾಳಕ್ಕನೂ ಹೋಗಲಿಲ್ಲ.