ಗೋಡೆಯಿಲ್ಲದ ಕೋಟೆಯ ಅಗಳಿ

ಹೆಣ ಕೋಟೆಯ ಬಾಗಿಲ ಹೊರಗೆ ಬಿದ್ದಿತ್ತು. ಬಾಗಿಲು ಮುಚ್ಚಿತ್ತು.

ಕಾನ್‌ಸ್ಟೇಬಲ್ ಯಾದಗಿರಿ ಭುಜ ಕೊಟ್ಟು ನೂಕಿದ. ಅಲುಗಲಿಲ್ಲ. ಮತ್ತೆ ನೂಕಿದ. ಇನ್‌ಸ್ಪೆಕ್ಟರ್ ವೈಜನಾಥ ಸುಮ್ಮನೆ ಪಕ್ಕಕ್ಕೆ ನಡೆದ. ಗೋಡೆ ಮುಗಿದಲ್ಲಿ ತಿರುಗಿ, ಒಳಗಿನಿಂದ ಕರೆದ.

"ಯಾದಗಿರಿ, ಇಟು ರಾ, ಈ ಕಡೆ ಬಾ. ಇದು ಸಿನಿಮಾ ಕೋಟೆ."

ಹಿಂದೆ ಏನೂ ಇರಲಿಲ್ಲ. ಬಿದಿರಿನ ಊರುಗೋಲು, ಗೋಣಿತಟ್ಟು, ಅದರ ಮೇಲೆ ಮೆತ್ತಿದ ಗಾರೆ. ಬಾಗಿಲು ಮಾತ್ರ ನಿಜವಾದ ಮರದ್ದು. ಬೇವಿನ ತೊಲೆಯ ಅಗಳಿ ಅದರ ಬೆನ್ನಿಗೆ ಅಡ್ಡಲಾಗಿ ಗಟ್ಟಿ ಕೂತಿತ್ತು. ಇಬ್ಬರು ಎತ್ತುವಂಥ ತೊಲೆ.

ನೌಕರಿ ಸ್ಥಳೀಯರಿಗೇ ಇರಲೆಂಬ ಮುಲ್ಕಿ ಗಲಾಟೆ ತಣ್ಣಗಾದ ಮರುವರ್ಷದ ದಸರೆ. ತೆಲುಗು ಸೀಮೆಯ ಲಿಂಗಂಪಲ್ಲಿಯಾಚೆ, ಬಂಡೆಗಳ ನಡುವೆ ಕನ್ನಡ ಸಿನಿಮಾವೊಂದರ ಸೆಟ್ಟು. ಸತ್ತವನು ನಿರ್ದೇಶಕ ಗುರುರಾಜ. ತಲೆಯ ಹಿಂಭಾಗಕ್ಕೆ ಕಲ್ಲಿನ ಪೆಟ್ಟು. ಕಲ್ಲು ಅಲ್ಲೇ ಇತ್ತು. ಜೇಬು, ಗಡಿಯಾರ, ಉಂಗುರ ಎಲ್ಲವೂ ಇದ್ದವು.

ವೈಜನಾಥ ಅಗಳಿಯನ್ನೇ ನೋಡುತ್ತ ನಿಂತ. ಬೀದರ ಕಡೆಯ ಹಳ್ಳಿಯಲ್ಲಿ ಎತ್ತಿನ ಕೊಟ್ಟಿಗೆಗೆ ಇಂಥ ಅಗಳಿ ಹಾಕಿ ಬೆಳೆದವನು. ಕೊಟ್ಟಿಗೆಗೆ ಅಗಳಿ ಹಾಕುವುದು ಒಳಗೆ ಕಾಯುವಂಥದ್ದು ಇದ್ದಾಗ. ಇಲ್ಲಿ ಕಾಯಲು ಏನಿತ್ತು?

* * *

ನಿರ್ಮಾಪಕ ಅಮರೇಶಪ್ಪ ಹತ್ತಿ ವ್ಯಾಪಾರಿ. ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ.

"ನಿನ್ನೆ ಆಯುಧ ಪೂಜಿ ಇತ್ರಿ ಸಾಹೇಬ್ರ. ಕತ್ತಿ, ಕ್ಯಾಮೆರಾ, ಈ ಬಾಗಲಾ, ಎಲ್ಲಾಕ್ಕೂ ಕುಂಕುಮ ಹಚ್ಚಿದ್ವಿ. ಹೊತ್ತು ಮುಳುಗೋ ಮುಂದ ಊಟಕ್ಕ ಹೋದ್ವಿ. ಗುರುರಾಜ ಬರಲಿಲ್ಲ."

"ಮತ್ಯಾರು ಬರಲಿಲ್ಲ?"

"ನಮ್ಮ ಹೀರೋ ಶಿವಾನಂದ ರೈಲು ಹಿಡಿದು ಮಲ್ಕಾಜ್‌ಗಿರಿಗೆ ಹೋಗ್ತೀನಿ ಅಂದ, ತಾಯಿ ಹಂತ್ಯಾಕ. ಚನ್ನಬಸಪ್ಪ ಗೌಡ್ರು ತಿರುಗಾಡಾಕ ಹೋಗಿದ್ರು." ಅವನು ದನಿ ಇಳಿಸಿದ. "ಗೌಡ್ರು ಮೊನ್ನೆ ಎಲ್ಲಾರ ಮುಂದ ಗುರುರಾಜನ ಕೈಕಾಲು ಮುರೀತೀನಿ ಅಂದಿದ್ರು."

"ಯಾಕ?"

ಅಮರೇಶಪ್ಪ ಕಥೆ ಹೇಳಿದ. ಸಿನಿಮಾದ ನಾಯಕ ರಾಯಚೂರು ಸೀಮೆಯ ಬಿಲ್ಲರಗುಡ್ಡದ ಪಾಳೇಗಾರ ಸಂಗನಗೌಡ. ಕಂಪನಿ ಸೈನ್ಯಕ್ಕೆ ತಲೆಬಾಗದವನು. ಚನ್ನಬಸಪ್ಪ ಅದೇ ವಂಶದವರು, ಕಥೆ ತಪ್ಪದಂತೆ ನೋಡಲು ಸೆಟ್ಟಿಗೆ ಬಂದವರು. ಕೋಟೆ ಹೇಗೆ ಬಿತ್ತು ಎಂಬುದೇ ಜಗಳ.

"ಸಂಗನಗೌಡ ತಾನೇ ಅಗಸಿ ಬಾಗಲಾ ತೆಗಿಸಿದ ಅಂತ ಗುರುರಾಜ ಬರದಿದ್ದ. ನೀರು ಬತ್ತಿ ಕೂಸುಗಳು ಸಾಯಾಕತ್ತಿದ್ದುವಂತ, ಅದಕ್ಕಂತ. ಗೌಡ್ರು ಕುಣಿದಾಡಿದ್ರು. ನಾನೂ ಬ್ಯಾಡಂದೆ. ನಾಯಕ ತಾನಾಗಿ ಸೋತ್ರ, ಮಂದಿ ಯಾರನ್ನ ನೋಡಿ ಎದಿ ಉಬ್ಬಿಸ್ಬೇಕ್ರಿ? ಹೊಲದಾಗ ಬಗ್ಗಿದ ಮನಷ್ಯಾ ಟಾಕೀಸಿಗೆ ಬರೋದೇ ತಲಿ ಎತ್ತಿ ಒಬ್ಬನ್ನ ನೋಡಾಕ."

"ಹಂಗಾದ್ರ ಕೋಟಿ ಹೆಂಗ ಬೀಳ್ತೈತಿ?"

"ಮೋಸದಿಂದ! ಅಗಸಿ ಕಾಯೋ ಮಲ್ಲಪ್ಪ ಅಗಳಿ ತಗದ. ಊರ ಮಂದಿ ಹೇಳೋದೂ ಅದನ್ನ. ನಿನ್ನೆ ಮುಂಜಾನೆ ಗುರುರಾಜ ಒಪ್ಪಿ, ಕಡೀ ಸೀನು ತಿದ್ದಿದ."

"ಈಗ ಸಿನಿಮಾ ನಿಲ್ತೈತೇನು?"

"ಯಾಕ ನಿಲ್ತೈತ್ರಿ? ಡೈರೆಕ್ಟರ್ ಬ್ಯಾರೆ ಸಿಗ್ತಾನ. ಸೈನ್ಯ ಬದಲಿಸಬಹುದು, ಕುದರಿ ಬದಲಿಸಬಹುದು. ನಾಯಕನ ಮುಖ ಒಂದು ಬದಲಿಸಾಕ ಬರಂಗಿಲ್ಲ. ಮುಕ್ಕಾಲು ಪಾಲು ತಗದೀವಿ. ದೇವರ ದಯಾ, ಶಿವಾನಂದ ಗಟ್ಟಿಮುಟ್ಟು ಅದಾನ."

* * *

ಚನ್ನಬಸಪ್ಪ ಗೌಡ ಕೋಲೂರಿಕೊಂಡು ಬಂದ. ಮುದುಕ. ಕೈ ನಡುಗುತ್ತಿತ್ತು, ದನಿ ನಡುಗುತ್ತಿರಲಿಲ್ಲ.

"ನಾನ್ಯಾಕ ಹೊಡೀಲಿ? ನನ್ನ ಮಾತು ನಡದಿತ್ತಲ್ಲ! ಅಂವಗ ನಿನ್ನೆ ನಾನೇ ಪೇಡೆ ತಿನಿಸೀನಿ."

ವೈಜನಾಥ ಆ ಕೈಗಳನ್ನು ನೋಡಿದ. ಇವು ಆ ತೊಲೆಯನ್ನು ಎತ್ತುವ ಕೈಗಳಲ್ಲ.

"ಆ ಮಲ್ಲಪ್ಪನ ಮನಿಯವರು ಊರಾಗ ಅದಾರೇನ್ರಿ?"

"ಎಲ್ಲಿ ಇರತಾರ?" ಗೌಡ ನಕ್ಕ. "ಬನ್ನಿಹಬ್ಬದ ದಿನ ಊರೆಲ್ಲ ಬನ್ನಿ ಕೊಟ್ಟು ತಗೊಂಡು ಬಂಗಾರದಂಗ ಇರೂಣ ಅಂತೈತಿ. ಆ ಮನಿಗೆ ಒಂದು ಎಲಿ ಕೊಡಂಗಿಲ್ಲ. ನಮ್ಮ ಮುತ್ಯಾನ ಕಾಲದಿಂದ ಹಂಗ. ಬಾಗಲದಾಗ ನಿಂತು ನಿಂತು ಬ್ಯಾಸತ್ತು, ಎಂದೋ ಊರು ಬಿಟ್ರು."

"ಎಲ್ಲಿಗೆ?"

"ಯಾರು ಕೇಳ್ತಾರ?"

* * *

ಮಧ್ಯಾಹ್ನ ಯಾದಗಿರಿ ಎಲ್ಲಿಂದಲೋ ಒಂದು ಜಮ್ಮಿ ಟೊಂಗೆ ಮುರಿದು ತಂದಿದ್ದ. ಇಲ್ಲಿಯ ತೆಲುಗರ ಜಮ್ಮಿಯೇ ಕನ್ನಡದವರ ಬನ್ನಿ. ಹೆಣ ಬಿದ್ದ ದಿನವಾದರೂ ಹಬ್ಬ ಹಬ್ಬವೇ ಎಂದು ಒಬ್ಬೊಬ್ಬರಿಗೂ ಹಂಚುತ್ತ ಹೊರಟ.

"ಬಂಗಾರಂ ತೀಸ್ಕೋಂಡಿ ಸಾರ್, ಬಂಗಾರ ತಗೊಳ್ಳಿ."

ಅಮರೇಶಪ್ಪ ತಗೊಂಡ. ಕುದುರೆಯವರು, ಬಡಗಿಗಳು, ಅಡಿಗೆಯವರು ತಗೊಂಡು ಅವನಿಗೂ ಕೊಟ್ಟರು. ಸಂಗನಗೌಡನ ಮೀಸೆ ಬಿಟ್ಟಿದ್ದ ಶಿವಾನಂದ ಎರಡೂ ಕೈ ಬೆನ್ನ ಹಿಂದೆ ಕಟ್ಟಿದ.

"ನನಗ ಬ್ಯಾಡಪಾ. ಮೈಲಿಗಿ ಐತಿ. ಕಾಕಾ ತೀರ್ಯಾರ."

ಯಾದಗಿರಿ ವೈಜನಾಥನ ಕಿವಿಯಲ್ಲಿ ಪಿಸುಗುಟ್ಟಿದ. ಅಗಳಿಗೆ ಹೊಸದಾಗಿ ಡಾಂಬರು ಬಳಿದಿದ್ದಾರೆ, ಇವನು ಕೈ ಬಚ್ಚಿಡುತ್ತಿದ್ದಾನೆ. ವೈಜನಾಥ ಹತ್ತಿರ ಹೋದ.

"ಅಂಗೈ ತೋರಸ್ರಿ."

ಶಿವಾನಂದ ತೋರಿಸಿದ. ಸ್ವಚ್ಛ. ಯಾದಗಿರಿಯ ಮುಖ ಸಣ್ಣದಾಯಿತು.

"ನಿನ್ನೆ ಸಂಜೆ ನೀವು ಮನಿಯಾಗ ಇದ್ರಿ?"

"ಇದ್ನಿರಿ."

ವೈಜನಾಥ ಯಾದಗಿರಿಯ ಕೈಯಿಂದ ಒಂದೆಲೆ ತೆಗೆದು ಜೇಬಿಗೆ ಹಾಕಿಕೊಂಡ. "ಜೀಪ್ ತೆಗಿ," ಎಂದ.

* * *

ಮಲ್ಕಾಜ್‌ಗಿರಿ ಸ್ಟೇಷನ್ ಹಿಂದಿನ ಸಣ್ಣ ಮನೆ. ಬಾಗಿಲಿಗೆ ಚೆಂಡುಹೂವಿನ ತೋರಣ. ಒಳಗಿನಿಂದ ಹೋಳಿಗೆಯ ವಾಸನೆ. ಮೈಲಿಗೆಯ ಮನೆಯಲ್ಲ ಇದು.

ಶಿವಾನಂದನ ತಾಯಿ ಶಿವದೇವಿ ಚಾಪೆ ಹಾಸಿದಳು.

"ಕೂಡ್ರಿ ಅಣ್ಣಾವ್ರ. ಸಿನಿಮಾದವರೇನು?"

"ಪೊಲೀಸ್ ಇದ್ದೀನಿ ಅವ್ವಾ. ನಮ್ಮ ಕಡೆಯವರು ಅಂತ ಗೊತ್ತಾತು. ಹಬ್ಬ ಐತಿ, ಬನ್ನಿ ಕೊಟ್ಟು ಹೋಗೂಣಂತ ಬಂದೆ."

ಎಲೆ ಕಂಡದ್ದೇ ಅವಳ ಕೈಗಳು ಸೆರಗಿನೊಳಗೆ ಹೋದವು. ಮಗ ಬೆನ್ನ ಹಿಂದೆ ಕಟ್ಟಿದ ಹಾಗೆಯೇ.

"ನಮಗ ಬ್ಯಾಡ್ರಿ."

"ಯಾಕವ್ವಾ?"

"ನಮ್ಮತ್ತಿ ತಗೊಳಲಿಲ್ಲ, ನಾನೂ ತಗೊಂಡಿಲ್ಲ. ನಮ್ಮ ಊರೇ ಕೊಡಲಿಲ್ಲ. ಊರು ಕೊಡೋತನಕ ಯಾರದ್ದೂ ಬ್ಯಾಡಂತ ಆಣಿ ಐತಿ." ಅವಳು ತುಸು ನಕ್ಕಳು. "ನನ್ನ ಮಗ ಅಂದಾನ್ರಿ. ಈ ಸಿನಿಮಾದಾಗ ಖರೆ ಏನಂತ ತೋರಸ್ತಾರಂತ. ಅದನ್ನ ನೋಡಿ ಊರೇ ಬಂದು ಕೊಡ್ತೈತಿ, ಅಲ್ಲೀತನ ತಡಿ ಯವ್ವಾ ಅಂದಾನ. ಅಷ್ಟಾದ್ರ ನಾ ಕಣ್ಣು ಮುಚ್ಚತೀನಿ."

ವೈಜನಾಥ ಎಲೆಯನ್ನು ಮಡಿಚಿದ. "ನಿನ್ನೆ ಬಂದಿದ್ನೇನು?"

"ಭಾಳ ಹೊತ್ತಾಗಿ ಬಂದ. ಉಣ್ಣಲಿಲ್ಲ. ಹೆಗಲು ನೋವು ಅಂದ. ಎಣ್ಣಿ ಹಚ್ಚಿ ಕಾಸಿದೆ." ಅವಳು ಎದ್ದಳು. "ಇರ್ರಿ, ಹೋಳಿಗಿ ತರ್ತೀನಿ."

ಆ ಹೋಳಿಗೆ ತಿನ್ನುವುದು ವೈಜನಾಥನಿಗೆ ಆಗಲಿಲ್ಲ.

* * *

ಸಂಜೆ ಎಲ್ಲರೂ ಕೋಟೆಯ ಒಳಗೆ, ಅಂದರೆ ಬಿದಿರುಗಳ ನಡುವೆ ನಿಂತಿದ್ದರು.

"ಕೊಂದವನು ಈ ಕಡೆಯಿಂದ ಓಡಿಹೋಗಬಹುದಿತ್ತು, ಆ ಕಡೆಯಿಂದ ಓಡಿಹೋಗಬಹುದಿತ್ತು," ವೈಜನಾಥ ಹೇಳಿದ. "ಓಡಲಿಲ್ಲ. ಹೆಣ ಹೊರಗ ಬಿಟ್ಟ. ಬಾಗಲಾ ಮುಚ್ಚಿದ. ಇಬ್ಬರು ಎತ್ತೋ ಅಗಳಿ ಒಬ್ಬನೇ ಎತ್ತಿ ಹಾಕಿದ. ಗೋಡಿನೇ ಇಲ್ಲದ ಕೋಟಿಗೆ! ಕಳ್ಳಗ ಅದು ಬೇಕಿಲ್ಲ. ಸಂಗನಗೌಡನ ವಂಶದವರಿಗೂ ಬೇಕಿಲ್ಲ, ಅವರ ಆಸೆ ಮುಂಜಾನೇನ ನಡದಿತ್ತು. ಬಾಗಲಾ ತಗದ ಅಂತ ತಲಿತಲಾಂತರದಿಂದ ಬೈಸಿಕೊಂಡವರಿಗೆ ಮಾತ್ರ ಅದು ಮುಚ್ಚಿರಬೇಕಿತ್ತು."

ವೈಜನಾಥ ಶಿವಾನಂದನ ಎದುರು ಹೋಗಿ ನಿಂತ.

"ಡಾಂಬರು ಸೀಮೆಎಣ್ಣಿಗೆ ಹೋಗ್ತೈತಿ. ಆದ್ರ ಅಂಥ ತೊಲಿ ಒಬ್ಬನೇ ಎತ್ತೋದು ಹೆಗಲ ಮ್ಯಾಲೆ. ಶಿವಾನಂದ, ಅಂಗಿ ತೆಗೀರಿ."

ಶಿವಾನಂದ ತಡ ಮಾಡಲಿಲ್ಲ. ಬಲ ಹೆಗಲು ನೀಲಿಗಟ್ಟಿತ್ತು. ತೊಲೆಯ ಅಂಚು ಅಚ್ಚೊತ್ತಿದಂತೆ ಮೂಡಿತ್ತು.

"ಅವ್ವ ಬನ್ನಿ ತಗೊಂಡಳೇನ್ರಿ?" ಎಂದು ಕೇಳಿದ.

"ಇಲ್ಲ."

"ಗೊತ್ತಿತ್ತು." ಅವನು ಬಾಗಿಲಿನ ಕಡೆ ನೋಡಿದ. "ಗುರುರಾಜಗ ಆ ಖರೆ ಕಥಿ ಹೇಳಿದವ ನಾನೇ. ನಾನು ಯಾರಂತ ಹೇಳಿರಲಿಲ್ಲ. ಗೌಡ ಸೋತ್ರೂ ದೊಡ್ಡವನೇ ಇದ್ನಲ್ರಿ, ಕೂಸುಗಳ ಸಲುವಾಗಿ ಸೋತ. ಅದು ಸಾಲಲಿಲ್ಲ ಇವರಿಗೆ. ನಿನ್ನೆ ಎಲ್ಲಾರೂ ಉಣ್ಣಾಕ ಹೋದ ಮ್ಯಾಲೆ, ಗುರುರಾಜ ಹೊರಗ ನಿಂತು ಹೊಸ ಮಾತು ಕಲಿಸಿದ. ಸಂಗನಗೌಡ ಮಲ್ಲಪ್ಪನ ಮುಖಕ್ಕ ಉಗುಳಿ ಅನ್ನಬೇಕಂತ: ನಿನ್ನ ಮನಿತನಕ್ಕ ಯಾರೂ ಬನ್ನಿ ಕೊಡಬಾರದು. ನನ್ನ ಬಾಯಿಲೆ! ಬ್ಯಾಡ್ರೀ ಅಂತ ಕಾಲು ಹಿಡಿದೆ. ನಕ್ಕ. ಮತ್ತ ಮತ್ತ ಹೇಳಿಸಿದ. ಸಿಟ್ಟು ಸಾಲದು, ಇನ್ನೂ ಸಿಟ್ಟು ಬರಲಿ ಅಂದು ಅತ್ತಾಗ ತಿರುಗಿದ. ಬಂತು."

ಚನ್ನಬಸಪ್ಪ ಗೌಡ ಕೋಲೆತ್ತಿದ. "ನೋಡ್ರಿ! ಅದೇ ಮನಿತನ! ಅದೇ ರಕ್ತ!"

ಶಿವಾನಂದ ಅವನತ್ತ ತಿರುಗಿದ. ಮೊದಲ ಸಲ ಅವನ ಮುಖದಲ್ಲಿ ನಗು ಬಂತು. ಅದು ಒಳ್ಳೆಯ ನಗುವಾಗಿರಲಿಲ್ಲ.

"ಹೌದ್ರಿ ಗೌಡ್ರ. ಮುಕ್ಕಾಲು ಸಿನಿಮಾ ಆಗೈತಿ. ಕುದರಿ ಮ್ಯಾಲೆ ಕುಂತವ ನಾನು, ಕತ್ತಿ ಹಿಡಿದವ ನಾನು. ನಿಮ್ಮ ಸಂಗನಗೌಡನ ಮುಖ ಯಾವುದೀಗ? ಮಲ್ಲಪ್ಪನ ಮನಿ ಕೊಲಿಗಾರನ ಮುಖ. ತೋರಸ್ರಿ ಊರಿಗೆ. ಎದಿ ಉಬ್ಬಿಸಿ ನೋಡಲಿ."

ಅಮರೇಶಪ್ಪ ನಿಂತಲ್ಲೇ ನೆಲಕ್ಕೆ ಕೂತ. ಅವನಿಗೆ ಯಾರೂ ಲೆಕ್ಕ ಬಿಡಿಸಿ ಹೇಳಬೇಕಾಗಿರಲಿಲ್ಲ.

ಯಾದಗಿರಿ ಬೇಡಿ ತೊಡಿಸಿದ. ಜೀಪು ಬಾಗಿಲ ಹೊರಗೆ ನಿಂತಿತ್ತು. ಹತ್ತಿರದ ದಾರಿಯೆಂದು ಅವನು ಅಗಳಿಗೆ ಕೈ ಹಾಕಿದ.

"ಅದನ್ನ ತೆಗೀಬ್ಯಾಡ," ಶಿವಾನಂದ ಹೇಳಿದ. ಆಟದ ಪಾಳೇಗಾರನ ದನಿಯಲ್ಲ. ಕಾವಲುಗಾರನ ದನಿ.

ಯಾದಗಿರಿ ವೈಜನಾಥನ ಮುಖ ನೋಡಿದ. ವೈಜನಾಥ ಬೇಡವೆಂದು ತಲೆಯಾಡಿಸಿದ. ಗೋಡೆ ಮುಗಿಯುವಲ್ಲಿಗೆ ನಡೆದು, ಸುತ್ತಿಕೊಂಡು ಎಲ್ಲರೂ ಹೊರಗೆ ಬಂದರು. ಬಾಗಿಲು ಮುಚ್ಚಿಯೇ ಇತ್ತು.