ನೀರು ಮುಟ್ಟಿದ ಖಾರ

ಭಾನುವಾರ ಬೆಳಗ್ಗೆ ಕಿಬ್ಬನಹಳ್ಳಿ ಕ್ರಾಸಿನ ರೈತ ಸಂತೆಯಲ್ಲಿ ಭೀಮರಾಜು ಯೋಗಿತಾಳ ಬಲಗೈಯನ್ನು ಬೂಟುಗಾಲಿನಲ್ಲಿ ತುಳಿದ. ಎರಡು ಬೆರಳು ಮುರಿದವು. ನಲವತ್ತು ಡಬ್ಬಿ ಖಾರ ಚರಂಡಿ ಸೇರಿತು.

ಸೊಪ್ಪಿನ ಕಟ್ಟುಗಳನ್ನು ಅವನು ಮುಟ್ಟಲಿಲ್ಲ. ಹಲಸಂದೆ ಕಾಳಿನ ಪೊಟ್ಟಣಗಳನ್ನೂ ಮುಟ್ಟಲಿಲ್ಲ.

ಯೋಗಿತಾ ಮಾರುತ್ತಿದ್ದದ್ದು ಬಸ್ಸಾರಿನ ಕಿಟ್. ಬಿಡಿಸಿದ ಸೊಪ್ಪು, ಕಾಳು, ಜೊತೆಗೊಂದು ಡಬ್ಬಿಯಲ್ಲಿ ಹಸಿ ತೆಂಗಿನಕಾಯಿ ಹಾಕಿ ಒರಳಿನಲ್ಲಿ ರುಬ್ಬಿದ ಖಾರ. ಮನೆಗೆ ಒಯ್ದು ಒಲೆಗಿಟ್ಟರೆ ಅರ್ಧ ಗಂಟೆಯಲ್ಲಿ ಸಾರು. ಎರಡು ತಿಂಗಳಿಂದ ಹತ್ತು ಗಂಟೆಯೊಳಗೆ ಎಲ್ಲವೂ ಖಾಲಿ. ಅವಳು ಊರಾಚೆಯ ದಲಿತ ಕೇರಿಯವಳೇ ಎಂದು ಯಾರೂ ಕೇಳಿರಲಿಲ್ಲ.

"ಹಸೀದು ಮಾರ್ಕೋ, ಯಾರು ಬ್ಯಾಡ ಅಂದ್ರು?" ಅವಳ ಕೈ ಮೇಲೆ ನಿಂತೇ ಭೀಮರಾಜು ಕೇಳಿದ್ದ. "ಆ ಕೇರಿಯೋಳು ನೀರು ಮುಟ್ಸಿ ರುಬ್ಬಿದ್ದನ್ನ ನಮ್ಮನೆಯೋರಿಗೆ ಉಣ್ಸಿದೀಯಲ್ಲೇ..."

ಒಣಗಿದ್ದಕ್ಕೆ ಜಾತಿಯಿಲ್ಲ. ಒಂದು ಲೋಟ ನೀರು ಬಿದ್ದರೆ ಜಾತಿ ಬರುತ್ತದೆ. ಈ ಪಾಠ ಯಾವ ಶಾಲೆಯಲ್ಲೂ ಇಲ್ಲ, ಆದರೂ ಊರಿಗೆಲ್ಲ ಬಾಯಿಪಾಠ.

ಯೋಗಿತಾ ಪೊಲೀಸ್ ಠಾಣೆಗೆ ದೂರು ಕೊಟ್ಟು ಬಂದಳು. ಭೀಮರಾಜು ಊರಲ್ಲೇ ಓಡಾಡಿಕೊಂಡಿದ್ದ.

ಕೈಗಿಂತ ಹೆಚ್ಚು ಉರಿಯುತ್ತಿದ್ದದ್ದು ಇನ್ನೊಂದು. ಆ ಸಂತೆಯಲ್ಲಿ ಅವಳ ಕೇರಿ ಯಾವುದೆಂದು ಗೊತ್ತಿದ್ದದ್ದು ಒಬ್ಬನಿಗೇ. ಪ್ರತಿ ಶನಿವಾರ ಅವಳ ಮನೆಗೆ ತೆಂಗಿನಕಾಯಿ ತಂದು, ಬೇಡವೆಂದರೂ ಸುಲಿದುಕೊಟ್ಟೇ ಹೋಗುತ್ತಿದ್ದ ಗಂಗರಾಜುವಿಗೆ. ಭೀಮರಾಜುವಿನ ತಮ್ಮನಿಗೆ.

ಅವನೇ ಹೇಳಿರಬೇಕು... ನಗ್ತಾ ನಗ್ತಾ ನನ್ನನ್ನ ಹಿಡಿದುಕೊಟ್ಟ.

ಬುಧವಾರ ಅವನು ಬಾಗಿಲಿಗೆ ಬಂದಾಗ ಒಂದು ಕಣ್ಣು ಊದಿ ಮುಚ್ಚಿತ್ತು.

"ನಿಮ್ಮಣ್ಣಂಗೆ ಯಾರು ಹೇಳಿದ್ದು?"

"ನಾನೇ."

ಅವಳು ಎಡಗೈಯಲ್ಲಿ ಅವನ ಕಪಾಳಕ್ಕೆ ಹೊಡೆದಳು. ಅವನು ಮುಖ ತಿರುಗಿಸಲಿಲ್ಲ.

"ಕೇಳು ಯೋಗಿ. ಎರಡು ತಿಂಗ್ಳಿಂದ ನಮ್ಮನೇಲಿ ನಿನ್ನ ಸಾರೇ ಉಣ್ತಾವ್ರೆ. ಅಣ್ಣ ಮೂರು ಮುದ್ದೆ ಇಳಿಸ್ತಿದ್ದ. ಶನಿವಾರ ರಾತ್ರಿ, ನಿನ್ನ ಮನೆಯಿಂದ ಒಯ್ದಿದ್ದ ಹೊಸ ಖಾರದ ಸಾರುಂಡು ಅವ್ನು ತಟ್ಟೆ ನೆಕ್ತಿರೋವಾಗ ಅಂದೆ... ಈ ಖಾರ ರುಬ್ಬಿದೋಳನ್ನೇ ಮದ್ವೆ ಆಯ್ತೀನಿ, ಇಂಥಾ ಕೇರಿಯೋಳು ಅಂತ. ಉಂಡಾದ್ಮೇಲೆ ಇನ್ಯಾವ ಜಾತಿ ಉಳಿದೈತೆ ಅಂದ್ಕಂಡೆ ಕಣೇ."

ಮದುವೆ. ಅವಳಿಗೇ ಹೇಳದ ಮಾತು ಮೊದಲು ಅವನಣ್ಣನ ತಟ್ಟೆಗೆ ಬಿದ್ದಿತ್ತು.

"ನನ್ನ ಒಂದು ಮಾತು ಕೇಳ್ದೆ ಹೇಳ್ಬುಟ್ಟೆ," ಅವಳು ಪ್ಲಾಸ್ಟರ್ ಹಾಕಿದ ಕೈಯನ್ನು ಎತ್ತಿ ಹಿಡಿದಳು. "ಧೈರ್ಯ ತೋರಿಸ್ದೋನು ನೀನು. ಮುರಿದಿದ್ದು ನನ್ನ ಬೆರಳು."

"ಹೌದು."

ನೆಪ ಹೇಳಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ. ಆ ಒಂದು ಮಾತಿಗೆ ಅವಳ ಸಿಟ್ಟು ಅರ್ಧ ದಾರಿಯಲ್ಲಿ ನಿಂತಿತು.

"ಈ ಭಾನ್ವಾರ ಸಂತೆಗೆ ಹೋಗ್ತೀಯಾ?"

"ಹೋಗ್ದೆ? ಆದ್ರೆ ರುಬ್ಬಕ್ಕೆ ಕೈಯಿಲ್ಲ."

"ನಾನು ರುಬ್ತೀನಿ. ಹೇಳ್ಕೊಡು."

ಶನಿವಾರ ಒರಳಿನ ಮುಂದೆ ಕೂತ ಗಂಗರಾಜುವಿನ ಬೆವರು ಗಲ್ಲದಿಂದ ತೊಟ್ಟಿಕ್ಕಿತು.

"ದಿನಕ್ಕೆ ಐನೂರು ಕಾಯಿ ಸುಲಿಯೋನಿಗೆ ಗುಂಡು ತಿರುಗ್ಸಕ್ಕೆ ಬರಲ್ವಾ? ಹಿಂಗೆ ರುಬ್ಬಿದ್ರೆ ಅದು ಸಾರಲ್ಲ, ಎಮ್ಮೆ ಕಲಗಚ್ಚು."

"ಕೈ ಉರೀತೈತೆ ಕಣೇ."

"ಉರೀಲಿ."

ಬೈಯುತ್ತಲೇ ಅವನ ಹಣೆಯ ಬೆವರನ್ನು ದುಪಟ್ಟಾದ ತುದಿಯಿಂದ ಒರೆಸಿದಳು. ಒರೆಸಿದ್ದು ಅವಳಿಗೇ ಆಮೇಲೆ ಗೊತ್ತಾಯಿತು.

ಭಾನುವಾರ ಡಬ್ಬಿ ಜೋಡಿಸುತ್ತಿದ್ದಂತೆ ಭೀಮರಾಜು ಇಬ್ಬರನ್ನು ಕಟ್ಟಿಕೊಂಡು ಬಂದ. ಕೈಯಲ್ಲಿ ತೋಳಿನಷ್ಟು ದಪ್ಪದ ತೆಂಗಿನ ಮಟ್ಟೆ. ಸಂತೆ ಸಮಿತಿಯ ಹಿರಿಯ ಶಂಭುಲಿಂಗಯ್ಯ ನಡುವೆ ಬಂದು ನಿಂತ. ಯೋಗಿತಾಳ ಕೈಯ ಪ್ಲಾಸ್ಟರ್ ನೋಡಿದ, ಗಂಗರಾಜುವಿನ ಕೆಂಪಗೆ ಊದಿದ ಬೆರಳುಗಳನ್ನೂ ನೋಡಿದ. ಮುಖ ಅರಳಿತು.

"ನೀನೇ ರುಬ್ಬಿದ್ದೇನಪ್ಪಾ? ಹಂಗಾದ್ರೆ ಜಗಳವೇ ಇಲ್ವಲ್ಲ. ನಾನೇ ರುಬ್ಬಿದ್ದು ಅಂತ ಜನಕ್ಕೆ ಕೂಗಿ ಹೇಳ್ಬುಡು. ಮೊದಲ್ನೇ ಹತ್ತು ಡಬ್ಬಿ ನಂಗೇ ಕೊಡು. ಆವಮ್ಮ ಒಸಿ ಹಿಂದಕ್ಕೆ ಕೂತ್ಕಳ್ಲಿ."

ಭೀಮರಾಜು ಮಟ್ಟೆ ಇಳಿಸಿದ. "ಹೇಳ್ಲಾ ಗಂಗಾ. ಹೇಳು, ಮನೆಗೆ ಹೋಗಣ."

ಯೋಗಿತಾ ಗಂಗರಾಜುವಿನತ್ತ ನೋಡಿದಳು. ಹೇಳಿದರೆ ಅದು ಸುಳ್ಳೂ ಅಲ್ಲ. ಡಬ್ಬಿಗಳೂ ಉಳಿಯುತ್ತವೆ, ಇವನ ತಲೆಯೂ ಉಳಿಯುತ್ತದೆ... ನಾನು ಮಾತ್ರ ಉಳಿಯಲ್ಲ.

"ಇದು ಯೋಗಿತಾಳ ಖಾರ." ಸಂತೆಗೆಲ್ಲ ಕೇಳುವಂತೆ ಹೇಳಿದ ಗಂಗರಾಜು. "ಅವ್ಳ ಮನೆ ಒರಳು, ಅವ್ಳ ಮನೆ ನೀರು."

ಮಟ್ಟೆ ಹೆಗಲಿಗೆ ಬಿತ್ತು. ಎರಡನೆಯ ಏಟು ಹಣೆಗೆ. ಅವನು ಮಂಡಿಯ ಮೇಲೆ ಕುಸಿದ. ರಕ್ತ ಹುಬ್ಬು ದಾಟಿ ಕಣ್ಣಿಗಿಳಿಯಿತು. ಯೋಗಿತಾ ನೆಲಕ್ಕೆ ಕೂತು ಅವನ ತಲೆಯನ್ನು ಎದೆಗಾನಿಸಿಕೊಂಡಳು, ಎಡಗೈಯಲ್ಲಿ ಗಾಯವನ್ನು ಒತ್ತಿ ಹಿಡಿದಳು.

"ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲೋ, ಪೆದ್ದ."

"ಕೇಳ್ದೆ ಹೇಳಿ ಒಂದ್ಸಲ ಕೆಟ್ಟಿದೀನಿ. ಈಗ ಕೇಳ್ತೀನಿ... ನನ್ನ ಮದ್ವೆ ಆಗ್ತೀಯಾ?"

"ಆಗ್ತೀನಿ. ಅಲ್ಲಾಡ್ಬೇಡ, ರಕ್ತ ನಿಲ್ಲಲಿ."

ಭೀಮರಾಜು ಮಟ್ಟೆಯನ್ನು ಮತ್ತೆ ಎತ್ತಿದ್ದ. ಶಂಭುಲಿಂಗಯ್ಯ ಕೈಮುಗಿದ.

"ಡಬ್ಬಿ ಚೀಲಕ್ಕೆ ತುಂಬ್ಕಂಡು ಹೊರಡಮ್ಮ. ಇಲ್ಲಾಂದ್ರೆ ಇಲ್ಲಿ ಹೆಣ ಬೀಳ್ತೈತೆ."

ಯೋಗಿತಾ ತಲೆಯೆತ್ತಿ ಅವನನ್ನು ನೋಡಿದಳು.

"ತುಂಬಲ್ಲ ಕಣ್ರೀ."